ದೀಪಾವಳಿ ಮುಗಿದ ಮೇಲಿನ ಗೊಂಬೆಗಳು

ನನಗೆ ತಪ್ಪು ತಿದ್ದುವ ಚಟ. ಜೀವಶಾಸ್ತ್ರದ ಮೇಷ್ಟ್ರಿಗೆ ಅದು ಕಾಲೇಜಿನಲ್ಲಿ ಸಂಬಳ ತರುತ್ತದೆ, ಮನೆಯಲ್ಲಿ ಬೈಗುಳ. ಅಮ್ಮನಿಗೆ ಆಲ್ಝೈಮರ್ ಎಂದು ಡಾಕ್ಟರು ಹೇಳಿದ ಮೇಲೂ ಬಿಟ್ಟಿರಲಿಲ್ಲ. ಇವತ್ತು ಮಂಗಳವಾರ ಅಲ್ಲಮ್ಮ, ಗುರುವಾರ ಎಂದು ನಾನು ತಿದ್ದುವುದು, ಅವಳು ಮುಖ ಸಣ್ಣ ಮಾಡಿಕೊಳ್ಳುವುದು, ನನ್ನ ಹೆಂಡತಿ ಸುಧಾ ದುರುಗುಟ್ಟಿ ನೋಡುವುದು, ಇದು ಜಯನಗರದ ನಮ್ಮ ಮನೆಯ ದಿನಚರಿ.

ಹಾಗಂತ ನಾನು ಸುಮ್ಮನೆ ಕೂತವನಲ್ಲ. ತಿಲಕ್ ನಗರದ ಸೈಬರ್ ಕೆಫೆಯಲ್ಲಿ ಕೂತು ಓದಿದ್ದೇ ಓದಿದ್ದು. ಮಿದುಳಿನ ಜೀವಕೋಶವೂ ಒಂದು ಸಂಸಾರವೇ ನೋಡಿ. ಅಲ್ಲಿ ತಯಾರಾದ ಪ್ರೋಟೀನನ್ನು ಸರಿಯಾಗಿ ಮಡಿಸಬೇಕು, ಮಡಿಕೆ ಕೆಟ್ಟದ್ದನ್ನು ಆಚೆ ಹಾಕಬೇಕು. ಕೆಟ್ಟದ್ದು ರಾಶಿ ಬಿದ್ದರೆ ಕೋಶ ಒತ್ತಡಕ್ಕೆ ಸಿಕ್ಕಿ, ಹೊಸ ಕೆಲಸ ನಿಲ್ಲಿಸಿ, ಮೊದಲು ಮನೆ ಚೊಕ್ಕಟ ಮಾಡಲು ನಿಲ್ಲುತ್ತದೆ. ಎಂಥ ಜಾಣತನ! ಆದರೆ ಒತ್ತಡ ಇಳಿಯದೇ ಹೋದರೆ ಆ ಉಪಾಯವೇ ತಿರುಗಿಬಿದ್ದು ಕೋಶ ಸೊರಗುತ್ತದೆ. ಅಮ್ಮನ ಕಾಯಿಲೆಯಲ್ಲಿ ಇದರದ್ದೂ ಪಾಲಿದೆ ಎನ್ನುತ್ತಾರೆ ಬಲ್ಲವರು. ಎಷ್ಟು ಪಾಲು ಎಂದು ಇನ್ನೂ ವಾದ ನಡೆದಿದೆ. ಕೋಶದ ಒತ್ತಡ ಬೇರೆ, ನಮ್ಮ ನಿಮ್ಮ ಟೆನ್ಷನ್ ಬೇರೆ ಎಂದು ಎದುರುಮನೆ ಪದ್ಮಕ್ಕನನ್ನೂ ಒಮ್ಮೆ ಗೇಟಿನಲ್ಲಿ ನಿಲ್ಲಿಸಿ ಪಾಠ ಮಾಡಿದ್ದೆ. ಪಾಪ, ಅವರ ಕೈಯಲ್ಲಿ ಹಾಲಿನ ಪ್ಯಾಕೆಟ್ ಬೆವರುತ್ತಿತ್ತು.

ದೀಪಾವಳಿಯೂ ಮುಗಿದಿತ್ತು. ದಸರಾ ಗೊಂಬೆಗಳು ಹಳೇ ಸೀರೆ ಸುತ್ತಿಕೊಂಡು ಅಟ್ಟ ಸೇರಿ ತಿಂಗಳಾಗಿತ್ತು. ಒಂದು ಮಧ್ಯಾಹ್ನ ಕಾಲೇಜಿನಿಂದ ಬಂದರೆ ಅಮ್ಮ ರೇಷ್ಮೆ ಸೀರೆ ಉಟ್ಟು ಕೂತಿದ್ದಾಳೆ. ಕುಂಕುಮದ ಬಟ್ಟಲು ಹಿಡಿದು ಬೀದಿಯ ಮನೆಮನೆಗೂ ಹೋಗಿ, ಸಂಜೆ ಗೊಂಬೆ ನೋಡಲು ಬನ್ನಿ ಎಂದು ಕರೆದು ಬಂದಿದ್ದಳು. ಬಂದವರು ಖಾಲಿ ಹಾಲ್ ನೋಡಿದರೆ ಅಮ್ಮನ ಮರ್ಯಾದೆ ಏನಾಗಬೇಕು? ಆದರೂ ಚಟ ಬಿಡಬೇಕಲ್ಲ, ದಸರಾ ಆಗಿಹೋಯಿತು ಎನ್ನಲು ಬಾಯಿ ತೆರೆದೆ. ಸುಧಾ ತಡೆದಳು.

"ರೀ, ಸುಮ್ನೆ ಅಟ್ಟ ಹತ್ತಿ."

ಹತ್ತಿದೆ. ಪಟ್ಟದ ಗೊಂಬೆ, ಮದುವೆ ದಿಬ್ಬಣ, ಕಿವಿ ಮುರಿದ ಆನೆ ಎಲ್ಲ ಇಳಿದವು. ಮೆಟ್ಟಿಲು ಕಟ್ಟಲು ನನ್ನ ದಪ್ಪ ಪುಸ್ತಕಗಳೇ ಒದಗಿದವು. ಅಷ್ಟು ಉಪಯೋಗಕ್ಕೆ ಅವು ಎಂದೂ ಬಂದಿರಲಿಲ್ಲ. ಸಂಜೆ ಪದ್ಮಕ್ಕನೂ ಬೀದಿಯ ಹೆಂಗಸರೂ ರೇಷ್ಮೆ ಸೀರೆಯಲ್ಲೇ ಬಂದರು. ಹೋದ ತಿಂಗಳೇ ಇದೇ ಗೊಂಬೆ ನೋಡಿ ಹೋಗಿದ್ದ ಮಾತನ್ನು ಯಾರೊಬ್ಬರೂ ಎತ್ತಲಿಲ್ಲ. ಹಾಡಾಯಿತು, ಆರತಿಯಾಯಿತು, ಕಡಲೆಕಾಳು ಉಸಲಿ ಖರ್ಚಾಯಿತು. ಅಮ್ಮನ ಸಂಭ್ರಮ ನೋಡಿ ಖುಷಿಗೆ ನಾನೇ ಎಲ್ಲರಿಗೂ ಕಾಫಿ ಹಂಚಿದೆ.

ಹೊರಟ ಪದ್ಮಕ್ಕನ ಕೈಗೆ ತಾಂಬೂಲ ಕೊಟ್ಟು, ಅಮ್ಮ ದನಿ ತಗ್ಗಿಸಿದಳು. "ಈ ಸಲ ಗೊಂಬೆ ಇಡೋದು ತಡ ಆಯ್ತು, ಏನೂ ಅಂದ್ಕೋಬೇಡಿ. ನಮ್ಮ ಹುಡುಗನಿಗೆ ಕಾಲೇಜಲ್ಲಿ ಟೆನ್ಷನ್ ಜಾಸ್ತಿ. ಎಲ್ಲಾ ಮರ್ತುಬಿಡ್ತಾನೆ."

ಪದ್ಮಕ್ಕ ನಗು ತಡೆದುಕೊಂಡು ನನ್ನ ಕಡೆ ನೋಡಿದರು, ಈಗ ಪಾಠ ಶುರುವಾಗುತ್ತದೆ ಎಂದು ಕಾಯುವವರಂತೆ.

"ಹೌದು ಪದ್ಮಕ್ಕ," ಎಂದೆ. "ಮರ್ತೇಬಿಟ್ಟಿದ್ದೆ. ಸದ್ಯ, ಅಮ್ಮ ನೆನಪು ಮಾಡಿದ್ಳು."