ಕುಮುದಾ ತಿಕ್ಕಿ ತೊಳೆದ ಮದುವೆಯ ಭರಣಿ

ಹೋದ ಫೆಬ್ರವರಿಯಲ್ಲಿ ತೀರಿಕೊಂಡ ಸೆರಿಟೋಸ್ ಊರಿನ ಕುಮುದಾ ಯಾವುದನ್ನೂ ಸುಮ್ಮನೆ ನಂಬಿದವಳಲ್ಲ. ತೊಗರಿಬೇಳೆಯ ಚೀಲವನ್ನೂ ಬೆಳಕಿಗೆ ಹಿಡಿದು ನೋಡಿಯೇ ಕೊಳ್ಳುತ್ತಿದ್ದಳು. ಒಮ್ಮೆ ಹಳೆ ಸಾಮಾನಿನ ಸಂತೆಯಲ್ಲಿ ನೂರು ವರ್ಷದ್ದೆಂದು ಕೊಂಡ ಚೀನೀ ಪಿಂಗಾಣಿ ತಟ್ಟೆಯನ್ನು ಮನೆಯಲ್ಲಿ ತೊಳೆದರೆ, ಅದರ ಹಳೆತನವೆಲ್ಲ ಮೇಲೆ ಬಳಿದಿದ್ದ ಚಹಾದ ನೀರಾಗಿ ಹರಿದುಹೋಗಿತ್ತು.

2022ರಲ್ಲಿ ಮಗಳು ರಚನಾಗೆ ಸ್ಯಾನ್ ಡಿಯೇಗೋದ ಕೆವಿನ್ ಲಿನ್ ಜೊತೆ ಮದುವೆ ನಿಶ್ಚಯವಾಯಿತು. ಹುಡುಗನ ತಾಯಿ ಒಂದು ಹಳೆಯ ಭರಣಿ ಕಳಿಸಿದರು. ಬಿಳಿ ಮೈಮೇಲೆ ನೀಲಿ ಕಮಲದ ಬಳ್ಳಿ, ನಡುವೆ ಸಂತೋಷ ಎಂಬರ್ಥದ ಚೀನೀ ಅಕ್ಷರ, ಗಂಡಹೆಂಡಿರ ಹಾಗೆ ಒತ್ತಿಕೊಂಡು ಎರಡು ಸಲ. ಇಂಥ ಮದುವೆಯ ಭರಣಿಗಳನ್ನು ಜೋಡಿಯಾಗಿ ಕೊಡುತ್ತಾರೆಂದು ಕುಮುದಾ ಓದಿದ್ದಳು. ಬಂದದ್ದು ಒಂದೇ. ಒಳಗೆಲ್ಲ ಆ ಸಂತೆಯ ತಟ್ಟೆಯಂತೆಯೇ ಕಂದು ಕಲೆ.

ಒಂಟಿ ಭರಣಿ, ಅದೂ ನಕಲಿ. ಇಂಥವರ ಮನೆಗೆ ಮಗಳನ್ನು ಕೊಡುವುದು ಹೇಗೆ ಎಂದು ಅವಳಿಗೆ ದಿಗಿಲಾಯಿತು. ರಚನಾಗೆ ಫೋನ್ ಮಾಡಿದರೆ, "ಅಮ್ಮಾ, ಪ್ಲೀಸ್, ಡೋಂಟ್ ಸ್ಟಾರ್ಟ್," ಎಂದಳು.

"ಬೀಗರ ಮೇಲೂ ಸಿಐಡಿ ಕೆಲಸ ಶುರುವಾಯ್ತಾ?" ಎಂದರು ಗಂಡ ಇಂದುಧರ.

ಕುಮುದಾ ಹಿತ್ತಾಳೆ ಬಿಂದಿಗೆ ತಿಕ್ಕುವಂತೆ ಹುಣಸೆಹಣ್ಣು, ಉಪ್ಪು ಹಾಕಿ ಭರಣಿಯ ಒಳಗೆಲ್ಲ ತಿಕ್ಕಿದಳು. ಕಂದು ನೀರು ಇಳಿಯಿತು. ಏನೋ ಸಿಹಿ ವಾಸನೆ ಬಂತು, ಅದನ್ನವಳು ಲೆಕ್ಕಕ್ಕಿಡಲಿಲ್ಲ. "ನೋಡಿದ್ರೇನ್ರೀ? ಬಣ್ಣ ಬಳ್ದಿದ್ದು."

ಮುಖಕ್ಕೇ ಕೇಳಿಬಿಡುತ್ತೇನೆಂದು ಭರಣಿಯನ್ನು ಟವೆಲ್ಲಿನಲ್ಲಿ ಸುತ್ತಿ, ಇಂದುಧರರಿಂದ ಡ್ರೈವ್ ಮಾಡಿಸಿಕೊಂಡು ಸ್ಯಾನ್ ಡಿಯೇಗೋಗೆ ಹೋದಳು. ಬೀಗರ ಮನೆಯಲ್ಲಿ ಹಿರಿಯರ ಫೋಟೋಗಳ ಕೆಳಗೆ ಅದರ ಜೋಡಿ ಕೂತಿತ್ತು. ಒಳಗೆ ಅದೇ ಕಂದು. ಮಿಸೆಸ್ ಲಿನ್ ತಾವಾಗಿಯೇ ಹೇಳಿದರು: ಅವರ ಅಜ್ಜಿ ಬದುಕಿಡೀ ಆ ಎರಡರಲ್ಲಿ ಸಕ್ಕರೆ ಪಾಕದ ಶುಂಠಿ ತುಂಬಿಡುತ್ತಿದ್ದರು. ಅಜ್ಜಿ ಹೋದ ಮೇಲೆ ಒಳಗೆ ಯಾರೂ ತೊಳೆದಿಲ್ಲ. ಒಂದನ್ನು ಹೆಣ್ಣಿನ ಮನೆಗೆ ಕಳಿಸಿ, ಮದುವೆಯ ದಿನ ಎರಡನ್ನೂ ಒಟ್ಟಿಗೆ ಇಡುವುದು ಅವರ ಮನೆಯ ರೂಢಿ.

ಟವೆಲ್ ಬಿಚ್ಚದೆ ವಾಪಸಾಗಬಹುದಿತ್ತು. ಕುಮುದಾ ಬಿಚ್ಚಿದಳು. ನಕಲಿ ಎಂದುಕೊಂಡು ತೊಳೆದುಬಿಟ್ಟೆ ಎಂದು ಇದ್ದದ್ದನ್ನು ಇದ್ದಂತೆ ಹೇಳಿದಳು.

ಮಿಸೆಸ್ ಲಿನ್ ಭರಣಿಯೊಳಗೆ ಕೈಯಿಟ್ಟು ಸುತ್ತ ಸವರಿ ನೋಡಿದರು. ಆಮೇಲೆ, ಇನ್ನು ವರ್ಷಾ ವರ್ಷಾ ಶುಂಠಿ ಮಾಡಿ ಇದನ್ನು ನೀವೇ ತುಂಬಿಸಬೇಕು ಎಂದರು.

"ಅಷ್ಟು ಸಲೀಸಾಗಿ ಬಿಟ್ಬಿಡ್ತಾರೇನ್ರೀ ಯಾರಾದ್ರೂ?" ಎಂದು ಫ್ರೀವೇ ಉದ್ದಕ್ಕೂ ಗಂಡನನ್ನು ಕೇಳಿದಳು.

ಮದುವೆ ನಡೆಯಿತು. ಮೂರು ವರ್ಷ ಭರಣಿ ತುಂಬಿತು. ಕೊನೆಯ ಸಲ ಕುಮುದಾ ಹಾಸಿಗೆ ಹಿಡಿದಿದ್ದರಿಂದ ಶುಂಠಿ ಹೆಚ್ಚಿದ್ದು ಇಂದುಧರ. ಸಿಪ್ಪೆ ಉಳಿಸಿದ್ದಾರೇನೋ ಎಂದು ಅವಳು ಮಲಗಿದಲ್ಲಿಂದಲೇ ಒಂದೊಂದು ಹೋಳನ್ನೂ ತರಿಸಿ ನೋಡಿದಳು.