ಬುಡು ಮಗ

ರಂಗಸ್ವಾಮಿಯವರನ್ನು ಕಂಡರೆ ನನಗಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯಬಾರದು. ಹಿರೀಸಾವೆ ಕಡೆಯ ನಮ್ಮ ಹೈಸ್ಕೂಲಿನಲ್ಲಿ ಅವರು ಹದಿನೆಂಟು ವರ್ಷದಿಂದ ಪಿ.ಟಿ. ಮೇಷ್ಟ್ರು. ನಾನು ದೀಪಶ್ರೀ, ಆರು ವರ್ಷದಿಂದ ವಿಜ್ಞಾನದ ಟೀಚರು. ಲ್ಯಾಬಿನ ಕಿಟಕಿ ಮೈದಾನದ ಕಡೆಗಿದೆ. ಬೆಳಿಗ್ಗೆ ಬಂದು ಬಾಗಿಲು ತೆಗೆಯುವಷ್ಟರಲ್ಲಿ ಅವರ ಗಂಟಲು ಶುರುವಾಗಿರುತ್ತದೆ.

"ಏಯ್ ಎಮ್ಮೆ, ಕಾಲೆತ್ತು! ಮುದ್ದೆ ತಿಂದಿಲ್ವೇನಮ್ಮಿ? ಓಗು, ಸಗಣಿ ಬಾಚೋಗು!"

ಹುಡುಗಿಯರು ಓಡುತ್ತಾರೆ. ಅವರು ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಮತ್ತೆ ಬೈಯುತ್ತಾರೆ.

ಅವರ ಊರು ಕೊರವಂಗಲ. ಅಪ್ಪ ಬೈರಯ್ಯ ಎತ್ತಿನ ಗಾಡಿ ಓಟದಲ್ಲಿ ಹೆಸರು ಮಾಡಿದವರು. ಮಗ ಎಂಟುನೂರು ಮೀಟರ್ ಓಡುತ್ತಿದ್ದ. ಆ ಕಾಲದ ಮೇಷ್ಟ್ರು ಹುಣಸೆ ಕೋಲು ಹಿಡಿದು ಸೈಕಲ್ಲಿನಲ್ಲಿ ಹಿಂದೆ ಬರುತ್ತಿದ್ದರಂತೆ. ಹಾಗೆ ಏಟು ತಿಂದು ಜಿಲ್ಲೆಗೆ ಮೂರನೆಯವರಾಗಿ ಬಂದದ್ದಕ್ಕೆ ಸಿಕ್ಕ ಸರ್ಟಿಫಿಕೇಟು ಸ್ಟಾಫ್ ರೂಮಿನಲ್ಲಿ ಅವರ ಕುರ್ಚಿಯ ಮೇಲೇ ನೇತಾಡುತ್ತದೆ.

"ನೋಡಿ ಮೇಡಂ, ಲೆಕ್ಕ ಐತೆ ನನ್ನತ್ರ," ಎಂದು ಒಮ್ಮೆ ಪುಸ್ತಕ ತೆರೆದು ತೋರಿಸಿದರು. "ಮೊನ್ನೆ ಈ ಉಡುಗಿಗೆ ಭೇಷ್ ಅಂದೆ, ಮಾರನೇ ದಿನ ಮಲಗ್ಬುಟ್ಲು. ನಿನ್ನೆ ಉಗಿದೆ, ಇವತ್ತು ನಾಕು ಸೆಕೆಂಡು ಕಮ್ಮಿ."

ನಾನು ಬಿಡಿಸಿ ಹೇಳಿದೆ. ತೀರಾ ಕೆಟ್ಟದಾಗಿ ಓಡಿದ ದಿನದ ಮಾರನೇ ದಿನ ಯಾರಾದರೂ ಸ್ವಲ್ಪ ಚೆನ್ನಾಗಿಯೇ ಓಡುತ್ತಾರೆ, ಬೈದರೂ ಅಷ್ಟೇ, ಬೈಯದಿದ್ದರೂ ಅಷ್ಟೇ. ತೀರಾ ಚೆನ್ನಾಗಿ ಓಡಿದ ಮೇಲೆ ಮಾಮೂಲಿಗೆ ಇಳಿಯುವುದೂ ಹಾಗೆಯೇ. ನಿಮ್ಮ ಬಾಯಿಗೂ ಆ ನಾಲ್ಕು ಸೆಕೆಂಡಿಗೂ ಸಂಬಂಧವಿಲ್ಲ ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಮೇಡಂ, ನೀವು ಯಾವತ್ತಾದ್ರೂ ಓಡಿದ್ದೀರಾ?"

ನಾನು ಬಸ್ಸು ಹಿಡಿಯುವುದಕ್ಕೂ ಓಡಿದವಳಲ್ಲ. ಸ್ಟಾಫ್ ರೂಮೆಲ್ಲ ನಕ್ಕಿತು. ಆ ನಗು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತು.

ಈ ಬೈಗುಳದಲ್ಲಿ ಅರ್ಧಕ್ಕಿಂತ ಹೆಚ್ಚು ಬೀಳುತ್ತಿದ್ದದ್ದು ಹತ್ತನೇ ಕ್ಲಾಸಿನ ರಂಜಿನಿಗೆ. ಹೆದ್ದಾರಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಮಾರಮ್ಮನ ಮಗಳು. ಸಾವಿರದ ಐನೂರು ಮೀಟರಿನಲ್ಲಿ ತಾಲ್ಲೂಕಿಗೆ ಮೊದಲು ಬಂದಿದ್ದಳು. ಹಾಸನದಲ್ಲಿ ಮೊದಲ ಇಬ್ಬರಲ್ಲಿ ಒಬ್ಬಳಾದರೆ ರಾಜ್ಯ ಮಟ್ಟ, ಅಲ್ಲಿ ಯಾರ ಕಣ್ಣಿಗಾದರೂ ಬಿದ್ದರೆ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು. ಸ್ಕೂಲಿನಲ್ಲಿ ಅದು ಅವಳ ಕೊನೆಯ ವರ್ಷ. ಇದು ತಪ್ಪಿದರೆ ಅವಳ ಓಟವೂ ಮುಗಿದಂತೆ ಎಂಬುದು ನಮಗೆಲ್ಲ ಗೊತ್ತಿತ್ತು, ಅವಳಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಮಾರಮ್ಮ ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದಳು. ಇನ್ನೆರಡು ಸುತ್ತು ಓಡಿ ಬರುತ್ತೇನೆಂದು ಹುಡುಗಿ ಹಟ ಮಾಡಿದಳು. "ಕತ್ಲಾಯ್ತದೆ, ಬುಡು ಮಗ," ಎಂದಳು ತಾಯಿ, ಬೆನ್ನು ಸವರುತ್ತ. ರಂಜಿನಿ ಮರುಮಾತಿಲ್ಲದೆ ಚೀಲ ಎತ್ತಿಕೊಂಡಳು. ಎಷ್ಟು ಮೆತ್ತಗೆ ಹೇಳಿದರೂ ಕೇಳುವ ಮಗು, ಇದಕ್ಕೆ ಎಮ್ಮೆ ಎನ್ನುತ್ತಾನಲ್ಲ ಎಂದು ನನಗೆ ಮೈ ಉರಿಯಿತು.

ಹುಡುಗಿಯರ ಟೀಮು ಹೊರಟರೆ ಜೊತೆಗೊಬ್ಬ ಲೇಡಿ ಟೀಚರ್ ಹೋಗಲೇಬೇಕು. ಆ ಸಲ ನನ್ನ ಪಾಳಿ. ಹೆಡ್ ಮಾಸ್ಟರ್ ಸಿದ್ದೇಶ್ವರ ಅವರ ಮುಂದೆ ನಾನು ಷರತ್ತು ಹಾಕಿದೆ. ಹಾಸನದಲ್ಲಿ ಇವರ ಬಾಯಿಂದ ಒಂದೇ ಒಂದು ಬೈಗುಳ ಬಂದರೂ ಮೇಲಿನವರಿಗೆ ಬರೆದು ಕೊಡುತ್ತೇನೆ ಎಂದೆ.

ರಂಗಸ್ವಾಮಿಯವರು ಕಿಟಕಿಯ ಕಡೆ ನೋಡಿದರು. "ಆಯ್ತು, ಬೈಯಲ್ಲ. ಇನ್ನೇನನ್ಲಿ?"

"ಒಳ್ಳೇ ಮಾತು ಹೇಳಿ. ನಿಮಗೂ ಒಂದೆರಡು ಬರುತ್ತಿರಬೇಕಲ್ಲ," ಎಂದೆ. ಸ್ಟಾಫ್ ರೂಮಿನ ನಗುವನ್ನು ಬಡ್ಡಿ ಸಮೇತ ತೀರಿಸಿದ ಹಾಗಾಯಿತು.

ಹಾಸನದ ಕ್ರೀಡಾಂಗಣದಲ್ಲಿ ಬೆಳಿಗ್ಗೆ ಅವರು ರಂಜಿನಿಗೆಂದು ಹೊಸ ಶೂ ಹೊರತೆಗೆದರು. ನಾನು ತಡೆದೆ. ಓಟದ ತರಬೇತಿಯ ಬಗ್ಗೆ ಅಷ್ಟೊತ್ತಿಗೆ ನಾನೂ ಸಾಕಷ್ಟು ಓದಿದ್ದೆ. "ಸ್ಪರ್ಧೆಯ ದಿನ ಹೊಸದೇನೂ ಮಾಡಬಾರದು. ಕಾಲಿಗೂ ಹೊಸದು ಬೇಡ, ಹೊಟ್ಟೆಗೂ ಹೊಸದು ಬೇಡ. ಮೈಗೆ ಯಾವುದು ಅಭ್ಯಾಸವೋ ಅದೇ ಇರಬೇಕು." ಅವರು ಶೂ ಮತ್ತೆ ಬ್ಯಾಗಿಗೆ ಹಾಕಿದರು. ನಾನು ಗೆದ್ದೆ.

ಮೂರನೇ ಸುತ್ತು ಮುಗಿಯುವಾಗ ರಂಜಿನಿ ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದಿದ್ದಳು. ಕೊನೆಯ ತಿರುವಿನಲ್ಲಿ ಅರಕಲಗೂಡಿನ ಹುಡುಗಿ ಹತ್ತಿರ ಬಂದಳು. ರಂಜಿನಿಯ ಭುಜ ಮೇಲೇರಿತು, ಕುತ್ತಿಗೆ ಬಿಗಿಯಿತು. ಅವಳು ಹೀಗಾದಾಗಲೇ ದಿನವೂ ಮೈದಾನದಲ್ಲಿ 'ಎಮ್ಮೆ' ಎಂಬ ಕೂಗು ಕೇಳಿಸುತ್ತಿತ್ತು. ಟ್ರ್ಯಾಕಿನ ಸುತ್ತ ಕಟ್ಟಿದ್ದ ಹಗ್ಗದ ಪಕ್ಕ ನಿಂತಿದ್ದ ರಂಗಸ್ವಾಮಿಯವರು ಬಾಯಿ ತೆರೆದರು. ನನ್ನನ್ನು ನೋಡಿದರು. ನಾನು ಎಂದೂ ಕೇಳಿರದ ದನಿಯಲ್ಲಿ ಕೂಗಿದರು.

"ಬುಡು ಮಗ! ಬುಡು!"

ರಂಜಿನಿ ತಲೆ ಎತ್ತಿ ಅವರ ಮುಖ ನೋಡಿದಳು. ಕೈಗಳು ಕೆಳಗಿಳಿದವು. ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಟ್ರ್ಯಾಕಿನಿಂದ ಒಳಗೆ ಹುಲ್ಲಿನ ಮೇಲೆ ಬಂದು ನಿಂತುಬಿಟ್ಟಳು. ಅರಕಲಗೂಡಿನವಳು ದಾಟಿದಳು, ಹೊಳೆನರಸೀಪುರದವಳು ದಾಟಿದಳು, ಉಳಿದವರೂ ದಾಟಿದರು.

"ಯಾಕಮ್ಮಿ ನಿಂತೆ? ಯಾಕೆ ನಿಂತೆ?" ರಂಗಸ್ವಾಮಿಯವರು ಓಡಿಹೋಗಿ ಕೇಳಿದರು.

"ನೀವೇ ಬುಡು ಅಂದ್ರಲ್ಲ ಸಾ. ಯಾವತ್ತೂ ಅಂಗನ್ನದೋರು ಮಗ ಅಂದ್ರಿ. ನನ್ನ ಕೈಲಾಗಲ್ಲ ಅಂತ ನಿಮ್ಗೆ ಗೊತ್ತಾಗೋಯ್ತೇನೋ ಅನ್ಕೊಂಡೆ."

"ಅಯ್ಯೋ, ಅಂಗಲ್ಲ ಕಣಮ್ಮಿ. ಗಾಡಿ ಓಟದಲ್ಲಿ ಕೊನೇಗೆ ಅಂಗೇ ಕೂಗೋದು. ಇಡ್ಕೊಂಡಿರೋ ಅಗ್ಗ ಬುಡು, ಎತ್ತು ಓಗ್ಲಿ ಅಂತ. ನಮ್ಮಪ್ಪ ನಂಗೂ ಅಂಗೇ ಕೂಗ್ತಿದ್ದ." ಅವರಲ್ಲಿ ಇದ್ದ ಒಳ್ಳೆಯ ಮಾತು ಅದೊಂದೇ ಎಂದು ನನಗೆ ಆಗ ತಿಳಿಯಿತು.

"ಬೈದಿದ್ರೆ ಓಡ್ತಿದ್ದೆ ಸಾ," ಎಂದಳು ರಂಜಿನಿ. "ಇವತ್ತೇ ಯಾಕೆ ಬೈಲಿಲ್ಲ ನೀವು?"

ಅವರು ನನ್ನ ಕಡೆ ತಿರುಗಿದರು. ಈಗ ನನ್ನ ಷರತ್ತಿನ ವಿಷಯ ಹೇಳಿಯೇ ಹೇಳುತ್ತಾರೆ ಎಂದುಕೊಂಡು ಉತ್ತರವನ್ನೂ ಜೋಡಿಸಿಕೊಂಡೆ. ನಿಮ್ಮ ಬೈಗುಳವಿಲ್ಲದೆ ಕಾಲೆತ್ತದ ಹಾಗೆ ಮಗುವನ್ನು ಮಾಡಿದವರು ಯಾರು ಎಂದು ಕೇಳಬೇಕೆಂದಿದ್ದೆ. ಅದು ಸುಳ್ಳೂ ಆಗಿರಲಿಲ್ಲ. ಆದರೆ ಹೊಸ ಶೂ ಬೇಡವೆಂದು ಪಾಠ ಹೇಳಿ, ಹೊಸ ದನಿ ತೊಡಿಸಿ ಹುಡುಗಿಯನ್ನು ಓಡಲು ಬಿಟ್ಟವಳು ನಾನು.

"ತಪ್ಪಾಯ್ತು ಕಣಮ್ಮಿ," ಎಂದಷ್ಟೇ ಹೇಳಿ ಅವರು ವ್ಯಾನಿನ ಕಡೆ ನಡೆದರು.

ಅವರು ಹೇಳಲಿಲ್ಲ. ಚನ್ನರಾಯಪಟ್ಟಣ ದಾಟುವವರೆಗೂ ಕಾದೆ, ಹೇಳಲಿಲ್ಲ. ನಾನೂ ಹೇಳಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಸುಮ್ಮನಿದ್ದುಕೊಂಡೇ ನನ್ನನ್ನು ಸಾಲಗಾರಳನ್ನಾಗಿ ಮಾಡಿದ ಆ ಮನುಷ್ಯನನ್ನು ಕಂಡರೆ ನನಗೆ ಈಗ ಮೊದಲಿಗಿಂತ ಹೆಚ್ಚು ಸಿಟ್ಟು.

ರಂಜಿನಿ ಮೈದಾನಕ್ಕೆ ಬರುವುದು ಬಿಟ್ಟಿದ್ದಾಳೆ. ರಂಗಸ್ವಾಮಿಯವರು ಎದುರಿಗೆ ಬಂದರೆ ಮುಖ ತಿರುಗಿಸಿಕೊಂಡು ಹೋಗುತ್ತಾಳೆ. ನನ್ನನ್ನು ಕಂಡರೆ ಮಾತ್ರ ನಿಂತು, ದಿನವೂ ತಪ್ಪದೆ, "ನಮಸ್ತೆ ಮಿಸ್" ಎನ್ನುತ್ತಾಳೆ.