ಒರೆಸಿದ ಇನ್ನೂರ ಹನ್ನೆರಡು

ಮೊನ್ನೆ ಸುಣ್ಣ ಹೊಡೆಸಲೆಂದು ಹೊಲಿಗೆ ಮಷೀನು ಸರಿಸಿದಾಗ ಮೂಲೆಯಲ್ಲಿ ಒಂದು ನೀಲಿ ಚಾಕ್‌ಪೀಸ್ ಸಿಕ್ಕಿತು. ಬಟ್ಟೆಗೆ ಗುರುತು ಹಾಕುವ ಮೇಣದ ಚಾಕ್‌ಪೀಸ್. ಸುಮ್ಮನೆ ಮೂಸಿದೆ. ಮೇಣದ ಜೊತೆ ಗಡಿಯಾರಕ್ಕೆ ಬಿಡುವ ಎಣ್ಣೆಯ ವಾಸನೆ! ಆ ಎಣ್ಣೆಗೈ ಇದ್ದದ್ದು ಒಬ್ಬರಿಗೇ...

ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರದ ಈ ಅಂಗಡಿಯಲ್ಲಿ ಆಗ ಅರ್ಧ ನನ್ನ ಹೊಲಿಗೆ, ಅರ್ಧ ಅವರ ಗಡಿಯಾರ ರಿಪೇರಿ. ಸೊರಬದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ಕೆಲಸ ಕಡಿಮೆಯಾದ ಮೇಲೆ ಮೊಬೈಲಿನಲ್ಲಿ ಶೇರು ಶುರು ಮಾಡಿದರು. ಇವತ್ತು ಕೊಂಡದ್ದನ್ನು ಇವತ್ತೋ ನಾಳೆಯೋ ಮಾರಿಬಿಡುವ ವ್ಯಾಪಾರ. ನನಗೆ ಮೊದಮೊದಲು ನಗು. ಆದರೆ ಮನುಷ್ಯ ಬಲು ಹುಷಾರು. ತಪ್ಪಿದರೆ ಒಂದು ದಿನದ ದುಡಿಮೆ ಹೋಗಬೇಕು, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಹೋಗಬಾರದು ಎಂಬುದು ಅವರ ಲೆಕ್ಕ.

ಅದಕ್ಕೇ ಸ್ಟಾಪ್ ಲಾಸ್. ಶೇರು ಇಷ್ಟಕ್ಕೆ ಇಳಿದರೆ ಮರುಮಾತಿಲ್ಲದೆ ಮಾರುವುದು. ಎಲ್ಲರೂ ಅದನ್ನು ಮೊಬೈಲಿನಲ್ಲೇ ಹಾಕಿಡುತ್ತಾರಂತೆ, ಇಳಿದ ಕೂಡಲೇ ತಾನಾಗಿ ಮಾರಾಟವಾಗುತ್ತದಂತೆ. ಇವರಿಗೆ ಅದರ ಮೇಲೆ ನಂಬಿಕೆಯಿಲ್ಲ. "ಅಲ್ಲಿ ಹಾಕಿದ್ರೆ ದೊಡ್ಡೋರು ನೋಡ್ತಾರೆ ಅಕ್ಕಾ, ಬೇಕಂತ್ಲೇ ಅಲ್ಲೀ ತನಕ ಇಳಿಸ್ತಾರೆ" ಎನ್ನುತ್ತಿದ್ದರು. ಹಾಗಾಗಿ ಕೊಳ್ಳುವ ಮೊದಲು ನನ್ನ ಚಾಕ್‌ಪೀಸ್ ತೆಗೆದುಕೊಂಡು ನಮ್ಮಿಬ್ಬರ ಹಿಂದಿನ ಗೋಡೆಯ ಮೇಲೆ ಆ ಬೆಲೆ ಬರೆದು, ಕೆಳಗೊಂದು ಗೆರೆ ಎಳೆಯುತ್ತಿದ್ದರು. ಮೊಬೈಲನ್ನು ನನ್ನ ಮಷೀನಿನ ಮೇಲಿಡುತ್ತಿದ್ದರು. ಬೆಲೆ ಅಲ್ಲಿಗೆ ಇಳಿದರೆ ನಾನು "ಗೆರೆ ಬಂತ್ರೀ, ಮಾರಿ" ಎನ್ನಬೇಕು, ಅವರು ಮಾರಬೇಕು. ಮೂರೂವರೆಗೆ ಮಾರ್ಕೆಟ್ ಮುಚ್ಚಿದ ಮೇಲೆ ನಾನೇ ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಒಮ್ಮೆ ಬರೆದ ಮೇಲೆ ಅವರು ಗೋಡೆ ಮುಟ್ಟುವಂತಿಲ್ಲ.

ಬರಬರುತ್ತಾ ಅವರು ಗೋಡೆಯ ಮೇಲೆ ಬರೆಯುವ ಅಂಕಿಗಳು ದೊಡ್ಡವಾದವು, ಕಾಣಬೇಕಲ್ಲ. ಅವರ ಒಂದು ಕಣ್ಣು ಆಗಲೇ ಹೋಗಿತ್ತು, ಇನ್ನೊಂದರ ಒಳಪರದೆಯೂ ಕಳಚುತ್ತಿತ್ತು. ಶಿವಮೊಗ್ಗದಲ್ಲಿ ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ದುಡ್ಡೂ ಕೂಡಿತ್ತು. ಇನ್ನೂ ಸ್ವಲ್ಪ ಕೈಯಲ್ಲಿರಲಿ ಎಂಬ ಆಸೆಗೆ ಅಷ್ಟನ್ನೂ ಒಂದೇ ಶೇರಿಗೆ ಹಾಕಿಬಿಟ್ಟರು ಪುಣ್ಯಾತ್ಮ. ಗೋಡೆಯ ಮೇಲೆ ಗೇಣುದ್ದದ ಅಂಕಿ... ೨೧೨.

ಮಧ್ಯಾಹ್ನ ಬೆಲೆ ಅಲ್ಲಿಗೆ ಬಂತು. ನಾನು ಬಾಯಿ ತೆರೆದೆ. "ಒರೆಸಿಬಿಡಿ ಅಕ್ಕಾ, ತಿರುಗ್ತದೆ" ಎಂದರು, ಗೋಡೆ ನೋಡದೆ. ಹಿಂದಿನ ವಾರವಷ್ಟೇ ನಾನು ಹಟ ಮಾಡಿ ಮಾರಿಸಿದ ಶೇರು ಮರುದಿನವೇ ಏರಿತ್ತು. ಅವರೇನೂ ಅಂದಿರಲಿಲ್ಲ, ನನಗೇ ನಾಚಿಕೆಯಾಗಿತ್ತು. ತೆಪ್ಪಗೆ ಬಟ್ಟೆ ಒದ್ದೆ ಮಾಡಿ ಒರೆಸಿದೆ.

ಅದು ತಿರುಗಲಿಲ್ಲ. ಮರುದಿನ ಬೆಳಿಗ್ಗೆ ಮಾರ್ಕೆಟ್ ತೆರೆದಾಗಲೇ ಪಾತಾಳ ಕಂಡಿತ್ತು. ಆಪರೇಷನ್ ಮುಂದೆ ಹೋಯಿತು. ದುಡ್ಡು ಮತ್ತೆ ಕೂಡುವ ತನಕ ಕಣ್ಣು ಕಾಯಲಿಲ್ಲ.

ಒಂದು ವರ್ಷದ ಮೇಲೆ ತಂಗಿಯ ಕೈ ಹಿಡಿದು ಸಾಮಾನು ಒಯ್ಯಲು ಬಂದರು. ಅಷ್ಟರಲ್ಲಿ ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದೆ. ಅವರು ಗೋಡೆಯ ಮೇಲೆ ಬೆರಳಾಡಿಸುತ್ತಾ ಬಂದು ಸರಿಯಾಗಿ ಅಲ್ಲೇ ನಿಂತರು. ಎರಡು, ಒಂದು, ಎರಡು... ಬೆರಳು ಅಂಕಿಗಳನ್ನು ತಿದ್ದುತ್ತಿತ್ತು.

"ಇಲ್ಲೇ ಇದೆಯಲ್ರೀ ಅಕ್ಕಾ. ನೀವು ಒರೆಸೇ ಇಲ್ಲ."

ಬಿಳೀ ಗೋಡೆ. ಏನೂ ಇರಲಿಲ್ಲ. ಆದರೂ ಅವರು ನಕ್ಕರು, ಏನೋ ಸಮಾಧಾನವಾದವರ ಹಾಗೆ.

ಅವರು ತೀರಿಹೋದರೆಂದು ತಂಗಿ ಫೋನು ಮಾಡಿದ್ದು ಆ ಮಳೆಗಾಲದಲ್ಲಿ. ಮರುದಿನ ಅಂಗಡಿಯ ಬೀಗ ತೆಗೆದು ನೋಡುತ್ತೇನೆ, ಸುಣ್ಣದ ಒಳಗಿಂದ ನೀಲಿಯಾಗಿ ಮೂಡಿತ್ತು: ೨೧೨. ಕೆಳಗೆ ಗೆರೆ.

ಆಮೇಲೆ ಎರಡು ಸಲ ಸುಣ್ಣ ಹೊಡೆಸಿದೆ, ಎರಡು ಸಲವೂ ಮೇಲೆ ಬಂತು. ಮೊನ್ನೆಯದು ಮೂರನೆಯದು. "ಮೇಣದ ಮೇಲೆ ಸುಣ್ಣ ಹಿಡಿಯಲ್ಲಕ್ಕಾ, ಅಷ್ಟೇ" ಎಂದ ಸುಣ್ಣದವನು. ಸರಿಯಪ್ಪಾ, ಒಪ್ಪಿದೆ. ಆದರೆ ಅದೇ ಗೋಡೆಯ ಮೇಲೆ ಅದೇ ಚಾಕ್‌ಪೀಸಿನಲ್ಲಿ ನೂರಾರು ಅಂಕಿ ಬರೆದು ಒರೆಸಿದ್ದೆವು. ಬೇರೆ ಒಂದಾದರೂ ಯಾಕೆ ಬರಲಿಲ್ಲ?

ಇವತ್ತು ಸುಣ್ಣ ಒಣಗಿದೆ. ಎರಡರ ಬಾಲ ಆಗಲೇ ಕಾಣುತ್ತಿದೆ. ಮಷೀನು ನಿಲ್ಲಿಸಿ ಅತ್ತ ತಿರುಗಿದೆ. ಅವರು ಕೂರುತ್ತಿದ್ದ ಜಾಗ ಖಾಲಿಯಿದೆ. ಅವರಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

"ಗೆರೆ ಬಂತ್ರೀ, ಮಾರಿ."